ತಿಥಿ ಕಾರ್ಡಿನ ಫೋಟೊ, ಕ್ಯಾರೆನ್ ಕಾರ್ಪೆಂಟರ್ ದನಿ

ಹಾಸನದಲ್ಲಿ ನನ್ನದೊಂದು ಸಣ್ಣ ಮುದ್ರಣಾಲಯವಿದೆ. ಅಪ್ಪ ಟ್ರೆಡಲ್ ಯಂತ್ರ ತುಳಿದು ಕಟ್ಟಿದ್ದು, ಈಗ ಕಂಪ್ಯೂಟರ್ ಮೇಲೆ ನಡೆಯುತ್ತಿದೆ. ಮದುವೆ, ಗೃಹಪ್ರವೇಶದ ಕರೆಯೋಲೆ, ಅಂಗಡಿಗಳ ಬಿಲ್ ಪುಸ್ತಕ, ಚುನಾವಣೆ ಬಂದರೆ ಕರಪತ್ರ. ಇವೆಲ್ಲ ಕಾಲಕ್ಕೆ ತಕ್ಕಂತೆ ಏರಿಳಿಯುವ ಕೆಲಸಗಳು. ವರ್ಷವಿಡೀ ಕೈಬಿಡದೆ ನಡೆಸಿಕೊಂಡು ಬಂದಿರುವುದು ವೈಕುಂಠ ಸಮಾರಾಧನೆ ಮತ್ತು ಶಿವಗಣಾರಾಧನೆಯ ಕಾರ್ಡುಗಳು. ಮದುವೆಗೆ ಆಷಾಢ ಅಡ್ಡ ಬರುತ್ತದೆ, ಸಾವಿಗೆ ಅಂಥ ರಗಳೆಯಿಲ್ಲ.

ಈ ಕಾರ್ಡಿಗೊಂದು ಫೋಟೊ ಬೇಕು. ತೀರಿಕೊಂಡವರಿಗೆ ಎಂಬತ್ತು ದಾಟಿರುತ್ತದೆ, ಮಗ ಮೊಬೈಲಿನಲ್ಲಿ ತೋರಿಸುವ ಫೋಟೊದಲ್ಲಿ ಅವರಿಗೆ ಐವತ್ತೈದು. ಯಾರದೋ ಮದುವೆಯ ಚಪ್ಪರದಲ್ಲಿ ತೆಗೆದದ್ದು. ಹಿಂದಿನ ಬಾಳೆಕಂಬ ಅಳಿಸಿ ನೀಲಿ ಬಣ್ಣ ತುಂಬುತ್ತೇವೆ, ಬರೀ ಬನಿಯನ್ ಇದ್ದರೆ ಮೇಲೊಂದು ಕೋಟು ತೊಡಿಸುತ್ತೇವೆ, ಹಣೆಗೆ ಕುಂಕುಮವನ್ನೋ ವಿಭೂತಿಯನ್ನೋ ಮನೆಯವರು ಹೇಳಿದಂತೆ ಇಡುತ್ತೇವೆ. ಊಟಕ್ಕೆ ಬಂದವರು ಎಲೆಯ ಮುಂದೆ ಕೂತು ಕಾರ್ಡು ನೋಡಿ, "ಕೊನೆಯವರೆಗೂ ಮುಖದಲ್ಲಿ ಎಷ್ಟು ಕಳೆ ಇತ್ತು ನೋಡಿ" ಎನ್ನುತ್ತಾರೆ. ಆ ಕಳೆ ಇಪ್ಪತ್ತೈದು ವರ್ಷ ಹಿಂದಿನದು, ಸ್ವಲ್ಪ ಭಾಗ ನಮ್ಮ ಹುಡುಗ ಮೌಸ್ ಹಿಡಿದು ತುಂಬಿದ್ದು. ನಾನು ಬಾಯಿ ಬಿಡುವುದಿಲ್ಲ.

ಈ ಎಲ್ಲ ಗುಟ್ಟು ಗೊತ್ತಿದ್ದೂ ನಾನೇ ಒಬ್ಬ ಹಾಡುಗಾರ್ತಿಯ ವಿಷಯದಲ್ಲಿ ಹದಿನೈದು ವರ್ಷ ಏಮಾರಿದ್ದೆ. ಅದೂ ತಿರುಗುಮುರುಗಾಗಿ: ಗಟ್ಟಿಮುಟ್ಟಾಗಿದ್ದಾಗಿನ ಫೋಟೊ ನೋಡಿ, ಅಯ್ಯೋ ಸಾಯುವವಳ ಮುಖ ಎಂದು ಮರುಗಿದ್ದೆ.

1992ರಲ್ಲಿ ಅಕ್ಕನ ಮದುವೆಯಾಯಿತು. ಭಾವ ಸಕಲೇಶಪುರದಾಚೆ, ಹಾನುಬಾಳಿನ ಕಡೆಯವರು. ಹನ್ನೆರಡು ಎಕರೆ ಕಾಫಿ, ಒಂದಿಷ್ಟು ಮೆಣಸು, ಗದ್ದೆ. ಮದುವೆಯಾದ ಹೊಸದರಲ್ಲಿ ನಮ್ಮ ಮನೆಗೆ ಬಂದಾಗ ನನಗೊಂದು ಕ್ಯಾಸೆಟ್ ಕೊಟ್ಟರು. ಆಗ ಕಟ್ಟಿನಕೆರೆ ಮಾರುಕಟ್ಟೆಯ ಹತ್ತಿರ, ಹಾಡಿನ ಪಟ್ಟಿ ಬರೆದುಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಡುವ ಅಂಗಡಿಯೊಂದಿತ್ತು. ಅಲ್ಲಿ ತುಂಬಿಸಿದ್ದು. ಮೇಲಿನ ಚೀಟಿಯಲ್ಲಿ ಅಂಗಡಿಯಾತ ಬಾಲ್‌ಪೆನ್ನಿನಲ್ಲಿ ಬರೆದಿದ್ದ: "ಕಾರ್ಪೆಂಟರ್. ಇಂಗ್ಲೀಷ್." ಅಮ್ಮ ಅದನ್ನು ಓದಿ, ಬಡಗಿಗಳು ಕೆಲಸ ಮಾಡುತ್ತ ಹೇಳುವ ಪದವೇನೋ ಎಂದುಕೊಂಡಳು. ಕೊನೆಯವರೆಗೂ ಅವಳಿಗೆ ಅದು ಬಡಗಿ ಹಾಡೇ. ಅಂಗಡಿಯಾತ ಭಾವನಿಗೆ ಇನ್ನೊಂದು ಮಾಹಿತಿಯನ್ನೂ ಉಚಿತವಾಗಿ ಕೊಟ್ಟಿದ್ದ: ಹಾಡುವವರಿಬ್ಬರೂ ಗಂಡ ಹೆಂಡತಿ, ಹೆಂಡತಿ ಸತ್ತುಹೋದಳು.

ಅರ್ಧ ನಿಜ. ಅವರು ಅಣ್ಣ ತಂಗಿ, ಜೋಡಿಯ ಹೆಸರು ಕಾರ್ಪೆಂಟರ್ಸ್. ರಿಚರ್ಡ್ ಕಾರ್ಪೆಂಟರ್ 1946ರಲ್ಲಿ, ಕ್ಯಾರೆನ್ 1950ರಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಹುಟ್ಟಿದವರು. ಬೆಳೆದು ಹೆಸರು ಮಾಡಿದ್ದು ಕ್ಯಾಲಿಫೋರ್ನಿಯದ ಡೌನಿ ಎಂಬ ಊರಿನಲ್ಲಿ. ಅಣ್ಣ ಪಿಯಾನೊ, ವಾದ್ಯ ಸಂಯೋಜನೆ, ಲೆಕ್ಕಾಚಾರ. ತಂಗಿ ಡ್ರಮ್. ಹಾಡುವುದು ಅವಳಿಗೆ ಆಮೇಲಿನದು. ತನ್ನನ್ನು ಹಾಡುವ ಡ್ರಮ್ಮರ್ ಎಂದೇ ತಿಳಿದಿದ್ದವಳನ್ನು ವರ್ಷ ಕಳೆದಂತೆ ಡ್ರಮ್ಮಿನ ಹಿಂದಿನಿಂದ ಎಬ್ಬಿಸಿ ಮೈಕಿನ ಮುಂದೆ ತಂದು ನಿಲ್ಲಿಸಿದರು. 1970ರಿಂದ 75ರವರೆಗೆ ಅವರು ಮುಟ್ಟಿದ್ದೆಲ್ಲ ಚಿನ್ನ. 1983ರ ಫೆಬ್ರುವರಿ 4ರಂದು ಕ್ಯಾರೆನ್ ಹೃದಯ ನಿಂತುಹೋಯಿತು. ಊಟವನ್ನೇ ಶತ್ರುವೆಂದು ಬಗೆಯುವ ಅನೊರೆಕ್ಸಿಯಾ ಎಂಬ ಕಾಯಿಲೆ ಏಳೆಂಟು ವರ್ಷಗಳಿಂದ ಆ ದೇಹವನ್ನು ಒಳಗೊಳಗೇ ತಿಂದಿತ್ತು. ವಯಸ್ಸು 32. ಆ ಕಾಯಿಲೆಯ ಹೆಸರನ್ನು ಜಗತ್ತಿನ ಬಹಳಷ್ಟು ಜನ ಮೊದಲು ಕೇಳಿದ್ದೇ ಅವಳ ಸಾವಿನ ಸುದ್ದಿಯಲ್ಲಿ.

ಭಾವ ಕೊಟ್ಟ ಕ್ಯಾಸೆಟ್ಟಿನ ಎರಡನೆಯ ಬದಿಯಲ್ಲಿ, ಅವಳು ಸತ್ತ ವರ್ಷವೇ ಅಕ್ಟೋಬರಿನಲ್ಲಿ ಹೊರಬಂದ 'ವಾಯ್ಸ್ ಆಫ್ ದ ಹಾರ್ಟ್' ಆಲ್ಬಮ್ಮಿನ ನಾಲ್ಕಾರು ಹಾಡುಗಳಿದ್ದವು. ಅದರಲ್ಲೊಂದು 'ಆರ್ಡಿನರಿ ಫೂಲ್'. ನಿಧಾನ, ತುಸು ಜಾಸ್ ಛಾಯೆ, ರಾತ್ರಿ ಎಲ್ಲ ಮುಗಿದ ಮೇಲೆ ಕುರ್ಚಿಗಳನ್ನು ಮೇಜಿನ ಮೇಲೆ ಮಗುಚಿಟ್ಟ ಹೋಟೆಲಿನಲ್ಲಿ ಯಾರೋ ತಮಗೆ ತಾವೇ ಹೇಳಿಕೊಳ್ಳುವಂಥ ಹಾಡು. ದನಿ ಕೆಳಗಿನ ಸ್ಥಾಯಿಗೆ ಇಳಿದಾಗ, ಇನ್ನೇನು ಬಾವಿಯ ತಳ ಮುಟ್ಟಿತು ಅನ್ನಿಸುತ್ತದೆ. ನಾನಾಗ ಇಪ್ಪತ್ತರ ಆಸುಪಾಸು, ಮರುಗಲು ಕಾರಣ ಹುಡುಕುವ ವಯಸ್ಸು. ಅಂಗಡಿಯ ಷಟರ್ ಅರ್ಧ ಎಳೆದು, ಪ್ರೂಫ್ ನೋಡುತ್ತ ಆ ಹಾಡು ಹಾಕಿಕೊಳ್ಳುತ್ತಿದ್ದೆ. ಎಷ್ಟು ಸೋತಿದ್ದಾಳೆ, ಉಸಿರೆಳೆಯಲೂ ಕಷ್ಟ, ತನ್ನ ಸಾವು ತನಗೆ ಗೊತ್ತಾಗಿದೆ ಎಂದು ಸಾಲು ಸಾಲಿನಲ್ಲೂ ಕೇಳಿಸಿಕೊಂಡೆ. ಗೆಳೆಯರಿಗೆ ಕೇಳಿಸಿದೆ. ಒಬ್ಬನಂತೂ ಕಣ್ಣೊರೆಸಿಕೊಂಡ.

2007ರಲ್ಲೋ ಏನೋ, ಕಾರ್ಡಿಗೆ ಗಣಪತಿ ಚಿತ್ರ ಹುಡುಕಲು ಸೈಬರ್ ಕೆಫೆಗೆ ಹೋದವನು ಉಳಿದ ಹತ್ತು ನಿಮಿಷಕ್ಕೆ ಕಾರ್ಪೆಂಟರ್ಸ್ ಎಂದು ಬರೆದು ನೋಡಿದೆ. 'ಆರ್ಡಿನರಿ ಫೂಲ್' ಧ್ವನಿಮುದ್ರಣವಾದದ್ದು 1976ರಲ್ಲಿ. 'ಎ ಕೈಂಡ್ ಆಫ್ ಹಶ್' ಆಲ್ಬಮ್ಮಿನ ಕಾಲದಲ್ಲಿ ಹಾಡಿ, ಅದಕ್ಕೆ ಸೇರಿಸದೆ ಬಿಟ್ಟದ್ದು. ಸಾವಿಗೆ ಏಳು ವರ್ಷ ಮೊದಲು. ಇಪ್ಪತ್ತಾರರ ಹುಡುಗಿ, ಸ್ಟುಡಿಯೊಗೆ ಬಂದು ತನ್ನ ಕೆಲಸ ಚೆನ್ನಾಗಿ ಮಾಡಿ ಹೋಗಿದ್ದಾಳೆ. ನನ್ನ ಹದಿನೈದು ವರ್ಷದ ಮರುಕವೆಲ್ಲ ತಪ್ಪು ವಿಳಾಸಕ್ಕೆ ಹಾಕಿದ ಕಾಗದ. ಮೈ ಬೆಚ್ಚಗಾಗುವಷ್ಟು ನಾಚಿಕೆಯಾಯಿತು. ಆ ಗೆಳೆಯನಿಗೆ ಇವತ್ತಿಗೂ ಹೇಳಿಲ್ಲ.

ಇದನ್ನೆಲ್ಲ ಈಗ ಬರೆಯಲು ಕಾರಣ ಕಳೆದ ಜುಲೈ. ಪುನರ್ವಸು ಮಳೆ ಹೊಡೆಯುತ್ತಿತ್ತು. ಸಕಲೇಶಪುರದಲ್ಲಿ ಹೇಮಾವತಿ ಕೆಂಪಗೆ ದಡ ತುಂಬಿ ಹರಿಯುತ್ತಿದ್ದಳು. ಭಾವನ ಮನೆ ತಲುಪುವಷ್ಟರಲ್ಲಿ ಎರಡು ಇಂಬಳ ಕಾಲಿಗೆ ಅಂಟಿದ್ದವು. ಕರೆಂಟು ಹೋಗಿ ಎರಡು ದಿನ. ಇನ್ವರ್ಟರಿನಲ್ಲಿ ಉಳಿದಿದ್ದ ಜೀವವನ್ನು ಅಕ್ಕ ಫ್ರಿಜ್ಜಿಗೆ ಕೊಡಿ ಎಂದರೆ, ಭಾವ ರೆಕಾರ್ಡ್ ಪ್ಲೇಯರಿಗೆ ಕೊಟ್ಟರು. ಹಳೆಯ ಎಸ್ಟೇಟ್ ಬಂಗಲೆಯೊಂದರ ಸಾಮಾನು ಹರಾಜಾದಾಗ ಕೊಂಡುಕೊಂಡ ಪ್ಲೇಯರು, ಜೊತೆಗೆ ಒಂದು ಪೆಟ್ಟಿಗೆ ಎಲ್‌ಪಿ. ಅಂದು ಕೇಳುಗರು ನಾಲ್ವರು: ಭಾವ, ನಾನು, ಅವರ ಮಗಳು, ಮತ್ತು ಮಳೆಗೆ ಸಿಕ್ಕಿಕೊಂಡು ಅಲ್ಲೇ ಉಳಿದಿದ್ದ ನೆರೆತೋಟದ ಟೀಚರ್. ನಿವೃತ್ತರು, ಕಾನ್ವೆಂಟಿನಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಈ ಜೋಡಿಯ ಹಾಡುಗಳನ್ನು ಕಲಿಸಿದವರು.

ಜಗಳ ಹೊಸದಲ್ಲ. ಕಾರ್ಪೆಂಟರ್ಸ್ ಅಭಿಮಾನಿಗಳು ನಾಲ್ವರು ಸೇರಿದರೆ ಎಲ್ಲೇ ಆದರೂ ಬರುವ ಜಗಳವೇ. ಮೊದಲಿನ ಆಲ್ಬಮ್ಮುಗಳ ಬಗ್ಗೆ ತಕರಾರಿಲ್ಲ, ಅವು ದೇವರ ಮನೆಯಲ್ಲಿವೆ. ಕೊನೆಗಾಲದವು ಮತ್ತು ಸಾವಿನ ನಂತರದವು, ಇವುಗಳಲ್ಲಿ ಯಾವುದು ಮೇಲು?

ಭಾವನ ಪಕ್ಷ 1977ರ 'ಪ್ಯಾಸೇಜ್'. ಅದರಲ್ಲಿ ರಿಚರ್ಡ್ ಬರೆದ ಹಾಡು ಒಂದೂ ಇಲ್ಲ. ಹಿಂದಿನೆರಡು ಆಲ್ಬಮ್ಮುಗಳಿಂದ ಮಾರಾಟ ಇಳಿಯುತ್ತಿತ್ತು, ನಿದ್ದೆ ಮಾತ್ರೆಯ ಚಟ ಅವನನ್ನು ಹಿಡಿದುಕೊಂಡಿತ್ತು (1979ರ ಆರಂಭದಲ್ಲಿ ಚಿಕಿತ್ಸೆಗೆ ಸೇರಿದ). ಅಂಥ ಹೊತ್ತಿನಲ್ಲಿ ಆತ ಕೈಗೆತ್ತಿಕೊಂಡದ್ದು ಏನೆಂದರೆ, ಕೆನಡಾದ ಕ್ಲಾಟು ಎಂಬ ತಂಡದ, ಬೇರೆ ಗ್ರಹದವರನ್ನು ಕರೆಯುವ ಏಳು ನಿಮಿಷದ ಹಾಡು. ಶುರುವಿನಲ್ಲೇ ರೇಡಿಯೊ ನಿರೂಪಕನಿಗೆ ಕೇಳುಗರೊಬ್ಬರ ಕರೆ ಬರುತ್ತದೆ, ಯಾವ ಹಾಡು ಬೇಕು ಎಂದು ಕೇಳಿದರೆ ಆ ಕಡೆ ಇರುವವನು ಭೂಮಿಯವನೇ ಅಲ್ಲ. ಇನ್ನೊಂದು ಕಡೆ 'ಎವಿಟಾ' ಸಂಗೀತ ನಾಟಕದ ಹಾಡು, ಮಗದೊಂದು ಕಡೆ ಕ್ಯಾರಿಬಿಯನ್ ದ್ವೀಪಗಳ ಕ್ಯಾಲಿಪ್ಸೊ ಧಾಟಿ. ನೂರಕ್ಕೂ ಹೆಚ್ಚು ವಾದ್ಯಗಾರರು. ಲಾಸ್ ಏಂಜಲೀಸ್ ಫಿಲ್‌ಹಾರ್ಮೊನಿಕ್ ನುಡಿಸಿತು, ಬೇರೆ ಕಂಪನಿಯ ಕರಾರು ಇದ್ದುದರಿಂದ ಹೆಸರು ಹಾಕುವಂತಿರಲಿಲ್ಲ. ಹಾಗಾಗಿ ಹೊದಿಕೆಯ ಮೇಲೆ 'ಓವರ್‌ಬಜೆಟ್ ಫಿಲ್‌ಹಾರ್ಮೊನಿಕ್' ಎಂದು ಅಚ್ಚು ಹಾಕಿದರು. ಖರ್ಚು ಮೀರಿದ ವಾದ್ಯವೃಂದ! ಭಾವ ಪ್ರತಿಸಲ ಆ ಸಾಲನ್ನು ಬೆರಳಿಟ್ಟು ತೋರಿಸುತ್ತಾರೆ. ಕಾಫಿ ಬೆಳೆಗಾರನಿಗೆ ಬಜೆಟ್ ಮೀರುವುದರ ಬಗ್ಗೆ ವಿಶೇಷ ಸಹಾನುಭೂತಿ.

"ಇಷ್ಟು ಧೈರ್ಯ ಅವರು ಮತ್ತೆ ಮಾಡಲಿಲ್ಲ" ಎಂಬುದು ಭಾವನ ವಾದ. ನಾನು ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. 'ಪ್ಯಾಸೇಜ್' ಜಾತ್ರೆಯ ಅಂಗಡಿಬೀದಿಯ ಹಾಗೆ: ಎಲ್ಲವೂ ಇದೆ, ಮನೆಗೆ ತಂದ ಮೇಲೆ ಎಲ್ಲಿಡಬೇಕು ಎಂಬುದು ತಿಳಿಯುವುದಿಲ್ಲ. ಬಳೆಯೂ ಉಂಟು, ಕುಡುಗೋಲೂ ಉಂಟು.

1981ರ 'ಮೇಡ್ ಇನ್ ಅಮೆರಿಕ'ದ ಪಕ್ಷ ವಹಿಸುವವರು ನಮ್ಮಲ್ಲಿ ಯಾರೂ ಇಲ್ಲ. ಪಾಪ ಅನ್ನಿಸಿ ನಾನೇ ಒಮ್ಮೊಮ್ಮೆ ವಕಾಲತ್ತು ಹಾಕುತ್ತೇನೆ. ಕ್ಯಾರೆನ್ ಬದುಕಿದ್ದಾಗ ಹೊರಬಂದ ಕೊನೆಯದು ಅದು. ಅದರಿಂದ ಮೊದಲು ಬಿಡಿಯಾಗಿ ಹೊರಬಂದ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 16ನೆಯ ಸ್ಥಾನಕ್ಕೆ ಏರಿತು, ಆ ಮಟ್ಟಕ್ಕೆ ಅವರು ಮತ್ತೆ ಏರಲಿಲ್ಲ. ಕೇಳಲು ಏನೂ ಕೊರತೆಯಿಲ್ಲ, ಗಂಜಿ ಹಾಕಿ ಇಸ್ತ್ರಿ ಮಾಡಿದ ಅಂಗಿಯ ಹಾಗಿದೆ. ಅದೇ ನನಗೆ ಕಷ್ಟ. ಅಣ್ಣ ಚಟ ಬಿಟ್ಟು ಎದ್ದು ಬಂದಿದ್ದಾನೆ. ತಂಗಿ ತನ್ನದೇ ಆಲ್ಬಮ್ ಮಾಡಿ, ಅದು ಬೇಡವೆನಿಸಿಕೊಂಡು ವಾಪಸು ಬಂದಿದ್ದಾಳೆ. 1980ರ ಆಗಸ್ಟಿನಲ್ಲಿ ಮದುವೆಯಾಗಿದೆ, ಆ ಮದುವೆಗೆಂದೇ ಸಿದ್ಧಪಡಿಸಿದ ಹಾಡು ಈ ಆಲ್ಬಮ್ಮಿನಲ್ಲಿದೆ. ಆಲ್ಬಮ್ ಬಂದ ವರ್ಷವೇ ಮದುವೆ ಮುರಿದುಬಿದ್ದಿದೆ. ನೆಂಟರು ಬಂದಾಗ ಮನೆಯವರೆಲ್ಲ ಸೇರಿ ನಗುತ್ತಾರಲ್ಲ, ಒಳಗೆ ಮಾತುಕತೆ ನಿಂತು ವಾರವಾಗಿರುತ್ತದಲ್ಲ, ಆ ನಗು ಇಡೀ ಆಲ್ಬಮ್ಮಿನ ತುಂಬ ಇದೆ. ಸಾವಿನ ನಂತರದ ಯಾವುದಕ್ಕಿಂತಲೂ ನನ್ನನ್ನು ಹೆಚ್ಚು ಕಲಕುವುದು ಇದು. ಭಾವ ಮದುವೆ ಹಾಡು ಬರುವ ಮುಂಚೆ ಎದ್ದು ಸೂಜಿ ಎತ್ತುತ್ತಾರೆ. ಗಂಬೂಟು ಹಾಕಿಕೊಂಡು ಅಂಗಳದಲ್ಲಿದ್ದರೂ ಓಡಿ ಬರುತ್ತಾರೆ.

ಟೀಚರ್ ಅವರದು 'ವಾಯ್ಸ್ ಆಫ್ ದ ಹಾರ್ಟ್'. ಅಂದು ಸಂಜೆ ಅದನ್ನು ಪೂರ್ತಿ ಕೇಳಿದೆವು. ಮೊದಲ ಹಾಡು 'ನೌ'. 1982ರ ಏಪ್ರಿಲಿನಲ್ಲಿ, ನ್ಯೂಯಾರ್ಕಿನಲ್ಲಿ ಚಿಕಿತ್ಸೆ ನಡೆಯುತ್ತಿದ್ದಾಗ ನಡುವೆ ಕೆಲವು ದಿನ ಊರಿಗೆ ಬಂದವಳು ಹಾಡಿದ್ದು. ಆಕೆಯ ಕೊನೆಯ ಧ್ವನಿಮುದ್ರಣ ಇದೇ. ಸ್ಟುಡಿಯೊದಲ್ಲಿ ವಾದ್ಯಗಾರರಿಗೆ ದಾರಿ ತೋರಿಸಲು ಮೊದಲೊಮ್ಮೆ ಹಾಡಿಬಿಡುತ್ತಾರೆ, 'ವರ್ಕ್ ಲೀಡ್' ಎನ್ನುತ್ತಾರೆ ಅದಕ್ಕೆ. ವಾದ್ಯವೆಲ್ಲ ಕೂತ ಮೇಲೆ ಗಾಯಕಿ ನಿಜವಾದದ್ದನ್ನು ಹಾಡಬೇಕು. 'ನೌ' ಹಾಡಿಗೆ ಆ ಎರಡನೆಯ ಸರದಿ ಬರಲಿಲ್ಲ. ನಾವು ಕೇಳುವುದು ದಾರಿ ತೋರಿಸಲು ಹಾಡಿದ್ದನ್ನೇ. ಈ ಆಲ್ಬಮ್ಮಿನ ಇನ್ನೂ ಕೆಲವು ಹಾಡುಗಳ ಕಥೆಯೂ ಅದೇ.

ನಮ್ಮ ಕಸುಬಿನಲ್ಲಿ ಅದನ್ನು ಮೊದಲ ಪ್ರೂಫ್ ಎನ್ನುತ್ತೇವೆ. ಅಪ್ಪನ ಕಾಲದಲ್ಲಿ ಅಚ್ಚುಮೊಳೆ ಜೋಡಿಸಿ, ದಾರ ಕಟ್ಟಿ, ಮಸಿ ಸವರಿ, ತುಸು ಒದ್ದೆ ಮಾಡಿದ ಕಾಗದ ಹಾಕಿ ಕೈಯಿಂದ ಒತ್ತಿ ಒಂದು ಪ್ರತಿ ತೆಗೆಯುತ್ತಿದ್ದರು. ಅದರಲ್ಲಿ ತಪ್ಪುಗಳಿರುತ್ತಿದ್ದವು, ಒಂದು ಒತ್ತು ತಲೆಕೆಳಗಾಗಿರುತ್ತಿತ್ತು. ಆದರೆ ಅಕ್ಷರ ಕಾಗದದೊಳಕ್ಕೆ ಇಳಿದಿರುತ್ತಿದ್ದ ಬಗೆಯೇ ಬೇರೆ. ಬೆರಳಾಡಿಸಿದರೆ ತಗ್ಗು ತಿಳಿಯುತ್ತಿತ್ತು. ಯಂತ್ರಕ್ಕೆ ಹಾಕಿ ಐನೂರು ಪ್ರತಿ ತೆಗೆದಾಗ ತಪ್ಪು ಹೋಗಿರುತ್ತಿತ್ತು, ಆ ತಗ್ಗೂ ಹೋಗಿರುತ್ತಿತ್ತು. 'ನೌ' ಕೇಳುವಾಗ ನನಗೆ ಆ ತಗ್ಗು ಸಿಗುತ್ತದೆ. ದನಿ ಮೊದಲಿಗಿಂತ ತೆಳ್ಳಗಾಗಿದೆ ಎಂದು ನನ್ನ ಕಿವಿ ಹೇಳುತ್ತದೆ. ಟೀಚರ್ ಒಪ್ಪುವುದಿಲ್ಲ. "ನೀನು ತಾರೀಕು ತಿಳಿದುಕೊಂಡು ಕೇಳುತ್ತಿದ್ದೀಯ, ಮೊದಲು 76ರ ಹಾಡಿನಲ್ಲೂ ನಿನಗೆ ಹಾಗೇ ಕೇಳಿಸಿತ್ತು" ಎಂದರು. ಕಪಾಳಕ್ಕೆ ಹೊಡೆದಂತಾಯಿತು. ಉತ್ತರ ಇರಲಿಲ್ಲ, ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ.

ಆದರೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಾಗ ಇನ್ನೊಂದು ವಿಷಯ ಹೊಳೆಯಿತು. ಅದು ತಾರೀಕಿನ ಭ್ರಮೆಯಲ್ಲ, ಕಿವಿ ಇಟ್ಟರೆ ಯಾರಿಗೂ ಸಿಗುವಂಥದ್ದು. ಕಾರ್ಪೆಂಟರ್ಸ್ ಹಾಡಿನ ಗುರುತೇ ಹಿಂದಿನ ಕೋರಸ್. 1970ರ ಹಾಡುಗಳಲ್ಲಿ ನಾವು ಕೇಳುವ ಆ ದೊಡ್ಡ ವೃಂದ ಬೇರೆ ಯಾರೂ ಅಲ್ಲ, ಅಣ್ಣ ತಂಗಿ ಇಬ್ಬರೇ. ಒಂದೊಂದು ಸ್ವರವನ್ನೂ ಮತ್ತೆ ಮತ್ತೆ ಹಾಡಿ, ಪದರದ ಮೇಲೆ ಪದರ ಕೂರಿಸಿ ಮಾಡಿದ್ದು. ಅಂದರೆ ಕ್ಯಾರೆನ್ ಮುಂದೆ ನಿಂತು ಹಾಡುವಾಗ ಅವಳ ಬೆನ್ನ ಹಿಂದೆ ಇನ್ನೂ ನಾಲ್ಕಾರು ಕ್ಯಾರೆನ್‌ಗಳಿರುತ್ತಿದ್ದರು. 1983ರ ಆಲ್ಬಮ್ಮಿಗೆ ಮುಂದಿನ ದನಿ ಮಾತ್ರ ಉಳಿದಿತ್ತು. ಬೆನ್ನ ಹಿಂದೆ ನಿಲ್ಲಲು ಅವಳು ಇರಲಿಲ್ಲ. ರಿಚರ್ಡ್ ಹಲವು ಕಡೆ ಬೇರೆ ಗಾಯಕರನ್ನು ಕರೆಸಿ ಆ ಜಾಗ ತುಂಬಿಸಿದ. ಅವರು ಚೆನ್ನಾಗಿಯೇ ಹಾಡಿದ್ದಾರೆ, ಅಪಸ್ವರ ಒಂದಿಲ್ಲ. ಆದರೂ ಮನೆಯವರೆಲ್ಲ ಹೋದ ಮೇಲೆ ಊರವರು ಬಂದು ಬಡಿಸಿದ ಊಟ ಅದು.

ಇದನ್ನು ಹೇಳಿದಾಗ ಟೀಚರ್ ಸುಮ್ಮನಾದರು. ಆಮೇಲೆ ಅವರೇ ಒಂದು ಹಾಡನ್ನು ಮತ್ತೆ ಹಾಕಿಸಿದರು.

ನನಗೆ ನೆನಪಾದದ್ದು ಎರಡು ವರ್ಷದ ಹಿಂದೆ ಕಾರ್ಡು ಮಾಡಿಸಲು ಬಂದಿದ್ದ ಒಬ್ಬ ಹೆಂಗಸು. ಗಂಡನ ಫೋಟೊ ತಂದಿದ್ದರು. ಗುಂಪು ಚಿತ್ರದಿಂದ ಕತ್ತರಿಸಿದ್ದು, ಎಡ ಹೆಗಲ ಮೇಲೆ ಯಾರದೋ ಬೆರಳುಗಳು ಉಳಿದಿದ್ದವು. ನಮ್ಮ ಹುಡುಗ ಅಭ್ಯಾಸಬಲದಿಂದ ಅಳಿಸಲು ಹೊರಟ. ಆ ಬೆರಳು ಇರಲಿ, ಅದು ನನ್ನ ಕೈ ಎಂದರು. ಹಾಗೇ ಅಚ್ಚು ಹಾಕಿದೆವು. ಹಿನ್ನೆಲೆಯ ನೀಲಿಯಿಂದ ನಾಲ್ಕು ಬೆರಳು, ಒಂದು ಉಂಗುರ. ಕಾರ್ಡು ತೆಗೆದುಕೊಂಡು ಹೋದ ನೆಂಟರೊಬ್ಬರು ಅಚ್ಚಿನ ತಪ್ಪಾಗಿದೆ ಎಂದು ಫೋನು ಮಾಡಿದರು.

ರಿಚರ್ಡ್ ಅಷ್ಟಕ್ಕೇ ನಿಲ್ಲಲಿಲ್ಲ. ನಮ್ಮ ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ ದೀಪಾವಳಿಯ ಸುಮಾರಿಗೆ ತೆರೆಯುತ್ತದೆ. ಹಿಂದಿನ ವರ್ಷ ಹಚ್ಚಿಟ್ಟ ದೀಪ ಉರಿಯುತ್ತಿರುತ್ತದೆ, ಮುಡಿಸಿದ ಹೂ ಬಾಡಿರುವುದಿಲ್ಲ ಎಂಬುದು ನಂಬಿಕೆ. ಕಾರ್ಪೆಂಟರ್ಸ್ ಅಭಿಮಾನಿಗಳ ಸ್ಥಿತಿಯೂ ಹಾಗೇ ಆಯಿತು. 1984ರಲ್ಲಿ ಒಮ್ಮೆ ಬಾಗಿಲು ತೆರೆಯಿತು: 1978ರ ಕ್ರಿಸ್ಮಸ್ ಆಲ್ಬಮ್ಮಿನಲ್ಲಿ ಮಿಕ್ಕಿದ್ದಕ್ಕೆ ಹೊಸದು ಸೇರಿಸಿ ಇನ್ನೊಂದು ಕ್ರಿಸ್ಮಸ್ ಆಲ್ಬಮ್. ಅದರ ಬಗ್ಗೆ ಹೇಳಲು ನನಗೇನಿಲ್ಲ, ಡಿಸೆಂಬರಿನಲ್ಲಿ ನಾನು ಕ್ಯಾಲೆಂಡರ್ ಮುದ್ರಣದಲ್ಲಿ ಮುಳುಗಿರುತ್ತೇನೆ. 2001ರಲ್ಲಿ ಜಪಾನಿನಲ್ಲಿ ತೆರೆದ ಬಾಗಿಲಿನಿಂದ ಟೆಲಿವಿಷನ್ ಕಾರ್ಯಕ್ರಮಗಳ ತುಣುಕುಗಳೇ ಹೆಚ್ಚು ಹೊರಬಂದವು. ಅದರಲ್ಲಿ ಕ್ಯಾರೆನ್ ಮತ್ತು ಜಾಸ್ ಗಾಯಕಿ ಎಲಾ ಫಿಟ್ಜ್‌ಜೆರಾಲ್ಡ್ ಒಟ್ಟಿಗೆ ಹಾಡಿದ್ದಿದೆ. ಅದೊಂದಕ್ಕಾಗಿ ಉಳಿದದ್ದೆಲ್ಲ ಮನ್ನಾ.

ನಿಜವಾದ ಕಾಳಗ 1989ರ 'ಲವ್‌ಲೈನ್ಸ್' ಮತ್ತು 1996ರ 'ಕ್ಯಾರೆನ್ ಕಾರ್ಪೆಂಟರ್' ನಡುವೆ. ಅಕ್ಕನ ಮಗಳ ಪಕ್ಷ ಎರಡನೆಯದು. ರಿಚರ್ಡ್ ಚಿಕಿತ್ಸೆಗೆ ಹೋಗಿದ್ದ 1979ರಲ್ಲಿ ಕ್ಯಾರೆನ್ ಒಬ್ಬಳೇ ನ್ಯೂಯಾರ್ಕಿಗೆ ಹೋಗಿ, ಫಿಲ್ ರಾಮೋನ್ ಎಂಬ ನಿರ್ಮಾಪಕನ ಜೊತೆ, ಗಾಯಕ ಬಿಲ್ಲಿ ಜೋಯೆಲ್ ತಂಡದ ವಾದ್ಯಗಾರರನ್ನು ಇಟ್ಟುಕೊಂಡು ತನ್ನದೇ ಆಲ್ಬಮ್ ಮಾಡಿದಳು. ಡಿಸ್ಕೊ ಉಂಟು, ತುಂಟತನ ಉಂಟು, ಮೇಲಿನ ಸ್ಥಾಯಿಯಲ್ಲಿ ಹಾರಾಟ ಉಂಟು. 1980ರಲ್ಲಿ ಕಂಪನಿಯವರೂ ಅಣ್ಣನೂ ಕೇಳಿ ಒಪ್ಪಲಿಲ್ಲ. ಆಲ್ಬಮ್ ಕಪಾಟು ಸೇರಿತು. ಅವಳು ಅದನ್ನು ಅರ್ಪಿಸಿದ್ದು ಅದೇ ಅಣ್ಣನಿಗೆ. 1989ರಲ್ಲಿ ರಿಚರ್ಡ್ ಅದರ ನಾಲ್ಕು ಹಾಡುಗಳನ್ನು ತನ್ನ ಕೈಯಿಂದ ಮರುಮಿಶ್ರಣ ಮಾಡಿ 'ಲವ್‌ಲೈನ್ಸ್'ಗೆ ಸೇರಿಸಿದ. ರಾಮೋನ್ ಮಾಡಿದ್ದ ಪ್ರತಿ ಇಡಿಯಾಗಿ ಬಂದದ್ದು 1996ರಲ್ಲಿ, ಅವಳು ಹಾಡಿ ಹದಿನಾರು ವರ್ಷವಾದ ಮೇಲೆ.

ಹಾಗಾಗಿ ಒಂದೇ ಹಾಡು, ಒಂದೇ ದನಿ, ಎರಡು ಬಟ್ಟೆ. ಅಕ್ಕನ ಮಗಳು ಮೊಬೈಲಿನಲ್ಲಿ ಎರಡನ್ನೂ ಹಿಂದುಮುಂದಾಗಿ ಹಾಕಿ ತೋರಿಸಿದಳು. ಅಣ್ಣನ ಕೈಯಲ್ಲಿ ಹಾಡು ಮನೆಗೆ ಬಂದ ಹೆಣ್ಣುಮಗಳ ಹಾಗೆ ತಲೆ ಬಾಚಿ ಕೂತಿದೆ. ರಾಮೋನ್ ಕೈಯಲ್ಲಿ ತುಸು ಒರಟು, ಡ್ರಮ್ಮು ಹತ್ತಿರ. "ಮಾವ, ಅವಳು ಜೀವಮಾನದಲ್ಲಿ ಒಂದೇ ಒಂದು ಸಲ ತನ್ನಿಷ್ಟದಂತೆ ಮಾಡಿದ್ದನ್ನೂ ತಿದ್ದಬೇಕಿತ್ತೇ?" ಎಂದಳು. ಇಪ್ಪತ್ತೆರಡು ವರ್ಷದವಳು, ಓದು ಮುಗಿಸಿ ಬೆಂಗಳೂರಿಗೆ ಹೋಗುವ ವಿಷಯದಲ್ಲಿ ಆ ಮನೆಯಲ್ಲಿ ಆಗ ಬೇರೆ ಚರ್ಚೆ ನಡೆಯುತ್ತಿತ್ತು. ಭಾವ ಪೆಟ್ಟಿಗೆಯಲ್ಲಿ ಏನನ್ನೋ ಹುಡುಕುವವರಂತೆ ಬಗ್ಗಿದರು.

ನಾನು ಅವಳ ಪರ ಎಂದು ಹೇಳಬೇಕೆನಿಸಿತು, ಕಿವಿ ಬಿಡಲಿಲ್ಲ. 1996ರ ಆಲ್ಬಮ್ಮಿನಲ್ಲಿ ಅರ್ಧದಷ್ಟು ಹಾಡುಗಳು ಸಾಧಾರಣ. ನ್ಯಾಯ ಅವಳ ಕಡೆಗಿದೆ, ಹಾಡು ಮಾತ್ರ ಹೋಗಿ 'ಲವ್‌ಲೈನ್ಸ್' ಕಡೆ ನಿಂತಿದೆ. ಅದೂ ಆ ನಾಲ್ಕು ಹಾಡುಗಳಿಂದಲ್ಲ. 'ಲವ್‌ಲೈನ್ಸ್'ನಲ್ಲಿ 1978ರಲ್ಲಿ ಹಾಡಿ ಕಟ್ಟಿಟ್ಟಿದ್ದ 'ವೇರ್ ಡು ಐ ಗೋ ಫ್ರಂ ಹಿಯರ್' ಇದೆ. ಅದೇ ಕಾಲದಲ್ಲಿ ಟೆಲಿವಿಷನ್ನಿಗಾಗಿ ಹಾಡಿದ 'ಲಿಟಲ್ ಗರ್ಲ್ ಬ್ಲೂ' ಇದೆ. ದನಿ ತುಂಬಿ ತುಳುಕುವ ಕಾಲದವು. ಇವನ್ನು ಬದಿಗಿಟ್ಟು 'ಮೇಡ್ ಇನ್ ಅಮೆರಿಕ'ದ ಹಾಡುಗಳನ್ನು ಆರಿಸಿದವರಿಗೆ ಆ ಹೊತ್ತಿನಲ್ಲಿ ಏನಾಗಿತ್ತೋ!

ಇಲ್ಲಿಗೆ ಬಂದಾಗ ನಮ್ಮ ಜಗಳದ ಬುಡವೇ ಅಲ್ಲಾಡಿತು. ಕೊನೆಗಾಲದ ಆಲ್ಬಮ್, ಸಾವಿನ ನಂತರದ ಆಲ್ಬಮ್ ಎಂದು ನಾವು ಎರಡು ರಾಶಿ ಮಾಡಿಕೊಂಡು ಕೂತಿದ್ದೇವೆ. ಸಾವಿನ ನಂತರದ್ದರಲ್ಲಿ 1976ರ ದನಿ ಇದೆ, 78ರ ದನಿ ಇದೆ. ಕೊನೆಗಾಲದ್ದರಲ್ಲಿ 81ರ ದನಿ ಇದೆ. ಎಂಟು ವರ್ಷ ತಡವಾಗಿ ಬಂದ ದನಿ ಮೂರು ವರ್ಷ ಚಿಕ್ಕದು. ಅಮ್ಮ ತೀರಿಕೊಂಡಾಗ ಅವಳ ಕಾರ್ಡಿಗೂ ನಾನು ಅಕ್ಕನ ಮದುವೆಯ ಫೋಟೊವನ್ನೇ ಹಾಕಿದೆ. ಆಸ್ಪತ್ರೆಯಲ್ಲಿ ತೆಗೆದ ಕೊನೆಯ ಫೋಟೊ ಮೊಬೈಲಿನಲ್ಲಿತ್ತು, ಈಗಲೂ ಇದೆ. ಅದನ್ನು ಹಾಕಬೇಕೆಂದು ಒಂದು ಕ್ಷಣವೂ ಅನ್ನಿಸಲಿಲ್ಲ. ರಿಚರ್ಡ್ ಮೇಲೆ ಅಭಿಮಾನಿಗಳು ಹಾಯುವಾಗ, ಅತಿಯಾಗಿ ತಿದ್ದಿದ, ವಾದ್ಯ ತುಂಬಿದ, ಹಳೆಯ ಹಾಡುಗಳನ್ನೂ ಬಿಡದೆ ಮತ್ತೆ ಮತ್ತೆ ಮಿಶ್ರಣ ಮಾಡಿದ ಎಂದು ದೂರುವಾಗ, ನನಗೆ ಪೂರ್ತಿ ಕೋಪ ಬಾರದಿರುವುದು ಇದರಿಂದ. ಆತ ಬಾಳೆಕಂಬ ಅಳಿಸಿ ನೀಲಿ ತುಂಬಿದ. ನಾನೂ ಅದನ್ನೇ ಮಾಡುತ್ತೇನೆ, ದಿನಕ್ಕೆ ಎರಡು ಮೂರು.

ಒಂಬತ್ತರ ಹೊತ್ತಿಗೆ ಭಾವನ ಮೊಬೈಲು ಕಿಣಿಕಿಣಿ ಎಂದಿತು. ಆನೆಗಳು ಕೆಳಗಿನ ತೋಟಕ್ಕೆ ಇಳಿದಿವೆ, ಯಾರೂ ರಸ್ತೆಗೆ ಬರಬೇಡಿ ಎಂದು ಊರ ಗುಂಪಿಗೆ ಸಂದೇಶ. ಪ್ಲೇಯರ್ ನಿಲ್ಲಿಸಿ, ದೀಪ ಆರಿಸಿ ಕೂತೆವು. ಮಳೆಯ ಸದ್ದಿನಲ್ಲಿ ಆನೆಯ ಸದ್ದು ಎಲ್ಲಿ ಕೇಳಬೇಕು. ಟೀಚರ್ ಕತ್ತಲಲ್ಲಿ ಮೆಲ್ಲಗೆ 'ನೌ' ಹಾಡಿನ ಸಾಲೊಂದನ್ನು ಗುನುಗಿದರು. ಶಾಲೆಯ ಮಕ್ಕಳಿಗೆ ಹೇಳಿಕೊಡುವ ಧಾಟಿ, ಒಂದೊಂದು ಅಕ್ಷರ ಬಿಡಿಸಿ.

ಹಾಸನಕ್ಕೆ ಬಂದ ಮೇಲೆ ಒಂದು ಕೆಲಸ ಮಾಡಿದೆ. ಆ ಹಳೆಯ ಕ್ಯಾಸೆಟ್ ಇನ್ನೂ ನನ್ನಲ್ಲಿದೆ, ಅಂಗಡಿಯಾತನ ಚೀಟಿ ಮಾತ್ರ ಮಾಸಿ ಓದಲಾಗದಂತಾಗಿತ್ತು. ದಪ್ಪ ಆರ್ಟ್ ಕಾಗದದಲ್ಲಿ ಹೊಸ ಚೀಟಿ ಮುದ್ರಿಸಿದೆ. ಹಾಡುಗಳ ಹೆಸರು ಕನ್ನಡದಲ್ಲಿ, ಎದುರಿಗೆ ಆಲ್ಬಮ್ ಬಂದ ವರ್ಷವಲ್ಲ, ಅವಳು ಹಾಡಿದ ವರ್ಷ. ಮೂರು ಸಲ ಪ್ರೂಫ್ ನೋಡಿದೆ. ಕ್ಯಾಸೆಟ್ಟಿನ ಜೊತೆ ಭಾವನಿಗೆ ವಾಪಸು ಕೊಡಲು ಗೌರಿ ಹಬ್ಬಕ್ಕೆ ಬಾಗಿನದೊಂದಿಗೆ ತೆಗೆದುಕೊಂಡು ಹೋದೆ.

ಭಾವ ಕನ್ನಡಕ ಹಾಕಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು ಸಾಲುಸಾಲಾಗಿ ಓದಿದರು. ಎರಡನೆಯ ಬದಿಯ ಮೂರನೆಯ ಸಾಲಿನಲ್ಲಿ ಬೆರಳು ನಿಂತಿತು.

"ಆರ್ಡಿನರಿ ಫೂಲ್, 1967" ಎಂದು ಗಟ್ಟಿಯಾಗಿ ಓದಿದರು. "ಆಗ ಆ ಹುಡುಗಿಗೆ ಹದಿನೇಳು ವರ್ಷ ಕಣಯ್ಯ."

76 ತಿರುಗಿ 67 ಆಗಿತ್ತು. ಬೇರೆ ಪ್ರತಿ ತೆಗೆದು ಬಸ್ಸಿನಲ್ಲಿ ಕಳಿಸುತ್ತೇನೆ ಎಂದೆ. ಬೇಡ ಎಂದರು. ಅಂಗಿಯ ಜೇಬಿನಿಂದ ಬಾಲ್‌ಪೆನ್ನು ತೆಗೆದು, ಅಂಕಿಗಳನ್ನು ಅಡ್ಡ ಹೊಡೆದು ಮೇಲೆ ಸರಿಯಾದದ್ದನ್ನು ಬರೆದರು. ಚೀಟಿಯನ್ನು ಮಡಿಸಿ ಡಬ್ಬಿಯೊಳಗೆ ತೂರಿಸಿ, ಟೇಪ್ ರೆಕಾರ್ಡರಿನ ಮುಚ್ಚಳಕ್ಕೆ ರಬ್ಬರ್ ಬ್ಯಾಂಡು ಬಿಗಿದು, ಎರಡನೆಯ ಬದಿ ಹಾಕಿದರು.